ಬಾಗಿಲು ಮುಚ್ಚದ ಅಂಗಡಿ

ವ್ಯಾಪಾರಕ್ಕೆ ಒಂದು ಹೊತ್ತುಂಟು. ಬೆಳಿಗ್ಗೆ ಬಾಗಿಲು ತೆರೆದು, ಗಲ್ಲಾಪೆಟ್ಟಿಗೆಗೆ ಕೈಮುಗಿದು ಕುಳಿತ ವರ್ತಕನು ರಾತ್ರಿ ಲೆಕ್ಕ ಬರೆದು ಬಾಗಿಲು ಎಳೆಯುವುದು ಪೇಟೆಯ ಹಳೆಯ ಶಿಸ್ತು. ಗಿರಾಕಿಯೂ ಮನೆ ಸೇರಬೇಕು, ಅಂಗಡಿಯವನೂ ಮನೆ ಸೇರಬೇಕು ಎಂಬ ತಿಳಿವು ಆ ಶಿಸ್ತಿನ ಹಿಂದಿದೆ. ಈಗ ಬಾಗಿಲೇ ಇಲ್ಲದ ಅಂಗಡಿಯೊಂದು ಹದಿಹರೆಯದ ಬಾಲಕ ಬಾಲಕಿಯರ ಅಂಗೈಯಲ್ಲಿ ತೆರೆದುಕೊಂಡಿದೆ. ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸಿ ಒಲೆ ಆರಿಸುವ ಶ್ರಾವಕರ ಮನೆಗಳಲ್ಲಿಯೂ ಮೊಬೈಲಿನ ಬೆಳಕು ನಡುರಾತ್ರಿಯ ತನಕ ಆರುವುದಿಲ್ಲ. ನಾಲಿಗೆಗೆ ರಾತ್ರಿಯ ಕಟ್ಟಳೆ ಉಂಟು. ಕಣ್ಣಿಗೂ ಮನಸ್ಸಿಗೂ ಇಲ್ಲ.

ಮಕ್ಕಳ ಅಂತರ್ಜಾಲ ವ್ಯಸನದ ವಿಷಯ ಬಂದಾಗಲೆಲ್ಲ ಸಭೆ ಸಮಾರಂಭಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ಇಂದಿನ ಮಕ್ಕಳಿಗೆ ಸಂಯಮವಿಲ್ಲ, ಹಿರಿಯರ ಮಾತಿಗೆ ಬೆಲೆಯಿಲ್ಲ. ವೇದಿಕೆಯಿಂದ ಹೀಗೆ ನುಡಿದವರು ಕೆಳಗಿಳಿದು ಕುಳಿತೊಡನೆ ಜೇಬಿನಿಂದ ಮೊಬೈಲ್ ತೆಗೆದು, ತಮ್ಮ ಭಾಷಣದ ಚಿತ್ರಕ್ಕೆ ಎಷ್ಟು ಲೈಕ್ ಬಂದಿವೆಯೆಂದು ನೋಡುವುದೂ ಅಷ್ಟೇ ಸಾಮಾನ್ಯ. ಮಕ್ಕಳ ಮೇಲೆ ಹೊರಿಸುವ ಈ ಆಪಾದನೆ ಸುಳ್ಳು ಲೆಕ್ಕ. ಸಾಲ ಮಾಡಿದವರು ಒಬ್ಬರು, ಖಾತೆಯಲ್ಲಿ ಬರೆದ ಹೆಸರು ಇನ್ನೊಬ್ಬರದು. ಈ ಲೆಕ್ಕವನ್ನು ತಿದ್ದಿ ಬರೆದರೆ ಋಣದ ಪುಟದಲ್ಲಿ ಮೂರು ಹೆಸರುಗಳು ಮೊದಲು ಬರುತ್ತವೆ: ಸರಕನ್ನು ತಯಾರಿಸುವ ಕಂಪನಿ, ಅದನ್ನು ಮಗುವಿನ ಕೈಗೆ ಕೊಡುವ ಮನೆ, ಕಂಡೂ ಸುಮ್ಮನಿರುವ ಸಮಾಜ. ಮಗುವಿನ ಹೆಸರು ನಾಲ್ಕನೆಯದು. ಅದರ ಮುಂದಿನ ಮೊತ್ತವೂ ಚಿಕ್ಕದು.

ಸರಕು ಯಾವುದು, ಗಿರಾಕಿ ಯಾರು?

ಹಣ ಕೊಡುವವನು ಗಿರಾಕಿ, ಹಣಕ್ಕೆ ಬದಲಾಗಿ ಕೈಬದಲಾಗುವುದು ಸರಕು. ಇದು ವಾಣಿಜ್ಯದ ಮೊದಲ ಪಾಠ. ಸಾಮಾಜಿಕ ಜಾಲತಾಣಗಳನ್ನು ಬಳಸುವ ಮಗು ಒಂದು ಕಾಸನ್ನೂ ಕೊಡುವುದಿಲ್ಲ. ಹಾಗಾದರೆ ಕೊಡುವವರು ಯಾರು? ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್‌ಗಳ ಒಡೆತನ ಹೊಂದಿರುವ ಮೆಟಾ ಕಂಪನಿಯ ಆದಾಯವು 2024ರಲ್ಲಿ 16,400 ಕೋಟಿ ಡಾಲರುಗಳನ್ನು ಮೀರಿತು. ಅದರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚಿನ ಪಾಲು ಜಾಹೀರಾತಿನಿಂದ ಬಂದದ್ದು. ಜಾಹೀರಾತು ಕೊಡುವವನೇ ಗಿರಾಕಿ. ತೂಕಕ್ಕಿಟ್ಟು ಮಾರುವ ಸರಕು ಎಂದರೆ ಮಗುವಿನ ಗಮನ, ಮಗುವಿನ ಹೊತ್ತು, ಮಗುವಿನ ನಿದ್ದೆ. ಮಾಹಿತಿ ಹೆಚ್ಚಿದಷ್ಟೂ ಗಮನಕ್ಕೆ ಬಡತನ ಬರುತ್ತದೆಂದು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1971ರಲ್ಲಿಯೇ ಎಚ್ಚರಿಸಿದ್ದರು. ಆ ಬಡತನವೇ ಇಂದು ಜಗತ್ತಿನ ಅತಿ ದೊಡ್ಡ ವ್ಯಾಪಾರಗಳಲ್ಲೊಂದರ ಬಂಡವಾಳವಾಗಿದೆ.

ಈ ವ್ಯಾಪಾರದ ತಕ್ಕಡಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಲು ಪಾರಿವಾಳಗಳ ಪ್ರಯೋಗವೊಂದು ನೆರವಾಗುತ್ತದೆ. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದ ಮಧ್ಯಭಾಗದಲ್ಲಿ ಪೆಟ್ಟಿಗೆಯೊಳಗೆ ಪಾರಿವಾಳವನ್ನಿರಿಸಿ, ಅದು ಗುಂಡಿಯೊಂದನ್ನು ಕುಕ್ಕಿದರೆ ಕಾಳು ದೊರೆಯುವಂತೆ ಮಾಡಿದರು. ಇಷ್ಟು ಸಲ ಕುಕ್ಕಿದರೆ ಕಾಳು ಎಂಬ ನಿಯಮ ನಿಶ್ಚಿತವಾಗಿದ್ದಾಗ ಹಕ್ಕಿಯು ಕಾಳು ತಿಂದು ಕೊಂಚ ವಿರಮಿಸುತ್ತಿತ್ತು. ಕಾಳು ಯಾವಾಗ ಬರುತ್ತದೆಂಬುದು ಅನಿಶ್ಚಿತವಾದಾಗ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತಿತ್ತು. ಜೂಜುಕಟ್ಟೆಯ ಯಂತ್ರವನ್ನು ನಡೆಸುವುದು ಇದೇ ಸೂತ್ರ. ತನ್ನ ಚಿತ್ರವನ್ನು ಯಾರು ಮೆಚ್ಚಿದರು, ಎಷ್ಟು ಜನ ಮೆಚ್ಚಿದರು ಎಂದು ಪರದೆಯನ್ನು ಮತ್ತೆ ಮತ್ತೆ ಎಳೆದು ನೋಡುವ ಹದಿನಾಲ್ಕರ ಬಾಲಕಿಯನ್ನು ಹಿಡಿದಿಟ್ಟಿರುವುದೂ ಇದೇ ಸೂತ್ರ. ಫೇಸ್‌ಬುಕ್ ತಾಣದಲ್ಲಿ ಲೈಕ್ ಗುಂಡಿ ಬಂದದ್ದು 2009ರಲ್ಲಿ. ಅದಕ್ಕೂ ಮುನ್ನ, 2006ರಲ್ಲಿ, ಏಜಾ ರಾಸ್ಕಿನ್ ಎಂಬ ತಂತ್ರಜ್ಞರು ಪುಟಕ್ಕೆ ಕೊನೆಯೇ ಇಲ್ಲದಂತೆ ಕೆಳಗಿನಿಂದ ಹೊಸದು ಬರುತ್ತಲೇ ಇರುವ ವಿಧಾನವನ್ನು ರೂಪಿಸಿದರು. ತಾವು ಮಾಡಿದ ಈ ಕೆಲಸಕ್ಕಾಗಿ ಅವರು ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಪುಸ್ತಕಕ್ಕೆ ಅಧ್ಯಾಯವುಂಟು, ಪತ್ರಿಕೆಗೆ ಕೊನೆಯ ಪುಟವುಂಟು, ಪುರಾಣಶ್ರವಣಕ್ಕೂ ಮಂಗಳಾರತಿಯುಂಟು. ಮಂಗಳಾರತಿಯೇ ಇಲ್ಲದ ಈ ಪುರಾಣದೆದುರು ಮಗು ಎದ್ದು ಹೋಗಲಿಲ್ಲವೆಂದು ಮಗುವನ್ನೇ ಬೈಯುವುದು ಯಾವ ನ್ಯಾಯ?

ಬಲ್ಲವರು ಮಾಡಿದ ತಪ್ಪು

ತಿಳಿಯದೆ ಆದ ತಪ್ಪಿಗೂ ತಿಳಿದು ಮಾಡಿದ ತಪ್ಪಿಗೂ ಅಂತರವಿದೆ. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷರಾಗಿದ್ದ ಶಾನ್ ಪಾರ್ಕರ್ 2017ರ ನವೆಂಬರಿನಲ್ಲಿ, ಮನುಷ್ಯನ ಮನಸ್ಸಿನ ದೌರ್ಬಲ್ಯವನ್ನು ತಾವು ತಿಳಿದೇ ಬಳಸಿಕೊಂಡೆವೆಂದೂ ಮಕ್ಕಳ ಮಿದುಳಿಗೆ ಇದು ಏನು ಮಾಡುತ್ತಿದೆಯೋ ದೇವರೇ ಬಲ್ಲನೆಂದೂ ಒಪ್ಪಿಕೊಂಡರು. ಐಪ್ಯಾಡನ್ನು 2010ರಲ್ಲಿ ಜಗತ್ತಿಗೆ ಮಾರಿದ ಸ್ಟೀವ್ ಜಾಬ್ಸ್, ತಮ್ಮ ಮಕ್ಕಳು ಅದನ್ನು ಬಳಸಿಲ್ಲವೆಂದು ಪತ್ರಕರ್ತರೊಬ್ಬರಿಗೆ ಅದೇ ವರ್ಷ ತಿಳಿಸಿದ್ದರು. ಮಿಠಾಯಿ ಅಂಗಡಿಯವನು ತನ್ನ ಮಕ್ಕಳಿಗೆ ತನ್ನ ಮಿಠಾಯಿಯನ್ನು ತಿನ್ನಗೊಡುವುದಿಲ್ಲವೆಂದರೆ ಊರಿನ ಜನ ಆ ಅಂಗಡಿಯ ಬಗೆಗೆ ಏನೆಂದುಕೊಳ್ಳಬೇಕು?

ಕಂಪನಿಯಿಂದ ಹೊರಬಂದ ಫ್ರಾನ್ಸಿಸ್ ಹಾಗನ್ ಎಂಬ ಮಹಿಳೆ 2021ರಲ್ಲಿ ಒಳಗಿನ ಕಡತಗಳನ್ನು ಬಹಿರಂಗಪಡಿಸಿದರು. ತಮ್ಮ ದೇಹದ ಬಗೆಗೆ ಕೀಳರಿಮೆಯಿಂದ ಬಳಲುತ್ತಿದ್ದ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲೊಬ್ಬರಿಗೆ ಇನ್‌ಸ್ಟಾಗ್ರಾಮ್ ಆ ನೋವನ್ನು ಹೆಚ್ಚಿಸುತ್ತದೆಂದು ಕಂಪನಿಯ ಸ್ವಂತ ಅಧ್ಯಯನವೇ ಹೇಳಿತ್ತು. ತನ್ನ ಅಧ್ಯಯನವನ್ನು ತಪ್ಪಾಗಿ ಅರ್ಥೈಸಲಾಗಿದೆ, ಅನೇಕ ಹುಡುಗಿಯರಿಗೆ ತಾಣದಿಂದ ಒಳಿತೂ ಆಗಿದೆ ಎಂದು ಕಂಪನಿ ವಾದಿಸಿತು. ಒಳಿತಾದವರು ಇರಬಹುದು. ಆದರೆ ಹಾಲಿನಲ್ಲಿ ಕಲಬೆರಕೆಯಿದೆಯೆಂದು ತನ್ನದೇ ಪರೀಕ್ಷೆಯಿಂದ ತಿಳಿದ ವರ್ತಕನು, ಕುಡಿದವರೆಲ್ಲರೂ ಕಾಯಿಲೆ ಬಿದ್ದಿಲ್ಲವೆಂದು ಹೇಳಿ ಮಾರಾಟ ಮುಂದುವರಿಸಿದರೆ ಅದಕ್ಕೆ ವ್ಯಾಪಾರವೆಂಬ ಹೆಸರು ಸಲ್ಲದು. ತೂಕ ಅಳತೆಗಳಲ್ಲಿ ಮೋಸ ಮಾಡುವುದನ್ನೂ ಕಲಬೆರಕೆಯನ್ನೂ ಅಚೌರ್ಯವ್ರತದ ಅತಿಚಾರಗಳೆಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಕೊಟ್ಟದ್ದಕ್ಕಿಂತ ಹೆಚ್ಚನ್ನು, ಕೊಳ್ಳುವವನಿಗೆ ತಿಳಿಯದಂತೆ ತೆಗೆದುಕೊಳ್ಳುವುದೇ ಕಳವು. ಮಗುವಿನಿಂದ ತೆಗೆದುಕೊಂಡ ಹೊತ್ತಿನ ಲೆಕ್ಕ ಮಗುವಿಗೆ ಎಂದಾದರೂ ತಿಳಿದಿತ್ತೆ?

ಲಂಡನ್ನಿನ 14 ವರ್ಷದ ಬಾಲಕಿಯೊಬ್ಬಳು 2017ರ ನವೆಂಬರಿನಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಕೊನೆಯ ಆರು ತಿಂಗಳಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಅವಳು ಉಳಿಸಿಕೊಂಡ, ಮೆಚ್ಚಿದ ಅಥವಾ ಹಂಚಿಕೊಂಡ ಸುಮಾರು 16,300 ಚಿತ್ರ ಬರಹಗಳಲ್ಲಿ ಸುಮಾರು 2,100 ಖಿನ್ನತೆ ಮತ್ತು ಆತ್ಮಹಾನಿಗೆ ಸಂಬಂಧಿಸಿದವು. ಅವನ್ನೆಲ್ಲ ಅವಳೇ ಹುಡುಕಿ ಹೋದದ್ದಲ್ಲ; ಒಂದನ್ನು ನೋಡಿದವಳಿಗೆ ಯಂತ್ರವು ಅಂಥವನ್ನೇ ಮತ್ತೆ ಮತ್ತೆ ಬಡಿಸಿತು. ಇನ್ನೊಂದು ತಾಣವಂತೂ ಖಿನ್ನತೆಯ ಚಿತ್ರಗಳು ನಿನಗೆ ಇಷ್ಟವಾಗಬಹುದೆಂಬರ್ಥದ ಇ-ಮೇಲನ್ನೇ ಅವಳಿಗೆ ಕಳುಹಿಸಿತ್ತು. ಖಿನ್ನತೆಯ ಜೊತೆಗೆ ಅಂತರ್ಜಾಲದಲ್ಲಿ ಕಂಡ ವಿಷಯಗಳ ದುಷ್ಪರಿಣಾಮವೂ ಅವಳ ಸಾವಿಗೆ ಕಾರಣವೆಂದು 2022ರ ಸೆಪ್ಟೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ಆ ಎರಡನೆಯ ತಾಣದ ಅಧಿಕಾರಿಯು, ಆ ಕಾಲದಲ್ಲಿ ತಮ್ಮ ತಾಣ ಸುರಕ್ಷಿತವಾಗಿರಲಿಲ್ಲವೆಂದು ವಿಚಾರಣೆಯಲ್ಲಿ ಒಪ್ಪಿ ಕ್ಷಮೆ ಕೋರಿದರು. ದುಃಖದಲ್ಲಿರುವ ಮಗುವಿಗೆ ದುಃಖವನ್ನೇ ಮಾರುವ ಅಂಗಡಿಯನ್ನು ಯಾವ ಪೇಟೆಯೂ ಹಿಂದೆ ಕಂಡಿರಲಿಲ್ಲ.

ಕಲ್ಲೆಸೆಯುವ ಬೆರಳು

ವ್ಯಸನದ ಬೆನ್ನಿಗೇ ಪೀಡನೆ ಬರುತ್ತದೆ. ಇವೆರಡೂ ಒಂದೇ ಬಳ್ಳಿಯ ಕಾಯಿಗಳು. ಸಹಪಾಠಿಗಳನ್ನು ಹೀಯಾಳಿಸುವುದು ಹೊಸತಲ್ಲ. ಅಡ್ಡಹೆಸರು, ಗೇಲಿ, ಗುಂಪುಗಾರಿಕೆ ಎಲ್ಲ ಶಾಲೆಗಳಲ್ಲಿಯೂ ಇದ್ದವು. ಆದರೆ ಸಂಜೆಯ ಗಂಟೆ ಬಾರಿಸಿದಾಗ ಅವೂ ಮುಗಿಯುತ್ತಿದ್ದವು. ಮನೆಯ ಹೊಸ್ತಿಲನ್ನು ದಾಟಿ ಒಳಬರುವ ಧೈರ್ಯ ಗೇಲಿಗೆ ಇರಲಿಲ್ಲ. ಈಗ ಅದು ಹಾಸಿಗೆಯ ತನಕ ಬರುತ್ತದೆ. ಮೂವತ್ತು ಜನರ ತರಗತಿಯಲ್ಲಿ ಆಡಿದ ಮಾತನ್ನು ಮೂರು ಸಾವಿರ ಜನ ಓದುತ್ತಾರೆ, ಬರೆದವನು ಅಳಿಸಿದರೂ ಇನ್ನೊಬ್ಬರ ಬಳಿ ಸ್ಕ್ರೀನ್‌ಶಾಟ್ ಉಳಿದಿರುತ್ತದೆ. ಕ್ರೋಧವನ್ನೂ ಕುತೂಹಲವನ್ನೂ ಕೆರಳಿಸುವ ಬರಹಕ್ಕೆ ಹೆಚ್ಚು ಜನ ನಿಲ್ಲುತ್ತಾರೆ. ಹೆಚ್ಚು ಜನ ನಿಂತಷ್ಟೂ ಜಾಹೀರಾತಿಗೆ ಲಾಭ. ಹೀಗಾಗಿ ನಿಂದನೆ ಈ ಅಂಗಡಿಗೆ ನಷ್ಟದ ಬಾಬಲ್ಲ.

ದೆಹಲಿಯ ಪ್ರಸಂಗವನ್ನು ನೆನೆಯಬೇಕು. ಅಲ್ಲಿನ ಶಾಲಾ ಹುಡುಗರು ಇನ್‌ಸ್ಟಾಗ್ರಾಮಿನಲ್ಲಿ ಗುಂಪು ಕಟ್ಟಿಕೊಂಡು, ಸಹಪಾಠಿನಿಯರ ಚಿತ್ರಗಳನ್ನು ಹಂಚಿ ಅಶ್ಲೀಲವಾಗಿ ಮಾತನಾಡಿಕೊಂಡಿದ್ದು 2020ರ ಮೇ ತಿಂಗಳಿನಲ್ಲಿ ಬೆಳಕಿಗೆ ಬಂದು ದೇಶವೇ ಬೆಚ್ಚಿಬಿದ್ದಿತು. ತನಿಖೆ ಮುಂದುವರಿದಂತೆ ಇನ್ನೊಂದು ಸಂಗತಿ ಹೊರಬಿದ್ದಿತು. ಅತ್ಯಂತ ಘೋರವೆಂದು ಹರಡಿದ್ದ ಸಂಭಾಷಣೆಯೊಂದು ಆ ಗುಂಪಿನದೇ ಅಲ್ಲ. ಬಾಲಕಿಯೊಬ್ಬಳು ಹುಡುಗನ ಹೆಸರಿನ ನಕಲಿ ಖಾತೆಯಿಂದ ಬೇರೊಂದು ತಾಣದಲ್ಲಿ ಆಡಿದ ಮಾತುಗಳವು. ನಿಜವಾದ ದುಷ್ಕೃತ್ಯವೂ ನಕಲಿ ಲೇಖವೂ ಒಂದೇ ಕಡತದಲ್ಲಿ ಬೆರೆತು ಊರೂರು ಸುತ್ತಿದವು. ಹಂಚಿದವರಲ್ಲಿ ಬಹುಪಾಲು ಜನ ಯಾವುದು ಯಾವುದೆಂದು ವಿಚಾರಿಸಲಿಲ್ಲ.

ಸಾವಿರದೈನೂರು ವರ್ಷಗಳಿಗೂ ಹಿಂದಿನ ಸೂತ್ರಕಾರರು ಈ ಅಪರಾಧಗಳನ್ನು ಒಂದೊಂದಾಗಿ ಹೆಸರಿಸಿದ್ದಾರೆಂದರೆ ಆಶ್ಚರ್ಯವೆನಿಸಬಹುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೆಂದರೆ ಏಕಾಂತದ ಮಾತನ್ನು ಬಯಲು ಮಾಡುವುದು; ಖಾಸಗಿ ಚಿತ್ರವನ್ನು ಹಂಚುವ ಹುಡುಗ ಮಾಡುತ್ತಿರುವುದು ಇದನ್ನೇ. ಕೂಟಲೇಖಕ್ರಿಯೆಯೆಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ಇನ್ನೊಬ್ಬರ ಹೆಸರಿನಲ್ಲಿ ಖಾತೆ ತೆರೆಯುವುದು ಅದರ ಹೊಸ ರೂಪ. ಸುಳ್ಳು ಹೇಳದಿದ್ದರೆ ಸತ್ಯವ್ರತ ಪಾಲನೆಯಾಯಿತೆಂದು ತಿಳಿದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಏಕಾಂತದ ಮಾತು ನಿಜವೇ ಆಗಿದ್ದರೂ ಅದನ್ನು ಬಯಲಿಗೆಳೆಯುವುದು ವ್ರತಕ್ಕೆ ಮಾಲಿನ್ಯ.

ಇನ್ನೂ ಮುಖ್ಯವಾದದ್ದು ಕೃತ, ಕಾರಿತ, ಅನುಮೋದಿತಗಳ ವಿವೇಚನೆ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಈ ಮೂರರಿಂದಲೂ ಕರ್ಮಬಂಧವುಂಟೆಂಬುದು ಬಸದಿಯ ಪಾಠಶಾಲೆಯ ಮಗುವಿಗೂ ಗೊತ್ತು. ನಿಂದನೆಯನ್ನು ಬರೆದವನದು ಕೃತ. 'ನೀನೂ ಒಂದು ಬರೆ' ಎಂದು ಗೆಳೆಯನನ್ನು ಹುರಿದುಂಬಿಸಿದವನದು ಕಾರಿತ. ನಕ್ಕು ಲೈಕ್ ಒತ್ತಿದವನದು ಅನುಮೋದಿತ. ಬೆರಳ ತುದಿಯ ಒಂದು ಒತ್ತಿನಲ್ಲಿ ಅನುಮೋದನೆಯನ್ನು ಎಣಿಸಿ, ಸಂಖ್ಯೆ ಹಾಕಿ, ಎಲ್ಲರಿಗೂ ಕಾಣುವಂತೆ ಮಾಡುವ ಯಂತ್ರ ಇದೇ ಮೊದಲು ಹುಟ್ಟಿದೆ. ಪೀಡಿತ ಮಗುವನ್ನು ಕುಗ್ಗಿಸುವುದು ಮೊದಲನೆಯ ನಿಂದಕನ ಮಾತಿಗಿಂತ ಅದರ ಕೆಳಗಿನ ಆ ಸಂಖ್ಯೆ. ಇನ್ನೂರು ಜನ ಇದನ್ನು ಮೆಚ್ಚಿದ್ದಾರೆಂದಾಗ ಊರೇ ತನ್ನ ವಿರುದ್ಧವಾಗಿದೆಯೆಂದು ಅದಕ್ಕೆ ತೋರುತ್ತದೆ. ಆ ಇನ್ನೂರರಲ್ಲಿ ಪ್ರತಿಯೊಬ್ಬನೂ 'ನಾನೇನು ಮಾಡಿದೆ?' ಎಂದು ಕೇಳುತ್ತಾನೆ. ಅವನು ಮಾಡಿದ್ದು ಇನ್ನೂರರಲ್ಲೊಂದು ಪಾಲು ಹಿಂಸೆ.

ಮೂರು ಆಕ್ಷೇಪಗಳು

ಮೊದಲನೆಯ ಆಕ್ಷೇಪ: ಅಂತರ್ಜಾಲವಿಲ್ಲದೆ ವಿದ್ಯೆಯೇ ಇಲ್ಲ, ಮೊಬೈಲ್ ಕಸಿದರೆ ಮಗು ಹಿಂದುಳಿಯುತ್ತದೆ. ವಿದ್ಯೆಗಾಗಿ ಅಂತರ್ಜಾಲ ಬಳಸುವುದನ್ನು ಯಾರೂ ವಿರೋಧಿಸುತ್ತಿಲ್ಲ. ಗ್ರಂಥಾಲಯ ಬೇಕೆಂದು ಹೇಳಿದವನು ಗ್ರಂಥಾಲಯದ ಕಪಾಟಿನ ನಡುವೆ ಜೂಜಿನ ಯಂತ್ರ ಇಡಲು ಒಪ್ಪಿದಂತಾಗುವುದಿಲ್ಲ. ಪಾಠಕ್ಕೆ ಬೇಕಾದದ್ದು ಮನೆಯ ನಡುಕೋಣೆಯಲ್ಲಿರುವ ಒಂದು ಕಂಪ್ಯೂಟರು. ಹೊದಿಕೆಯೊಳಗಿನ ಮೊಬೈಲ್ ಅಲ್ಲ.

ಎರಡನೆಯದು: ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲ. ಇದು ನಿಜ. ಜಾಲತಾಣವೇ ಖಿನ್ನತೆಗೆ ಕಾರಣವೋ ಖಿನ್ನರಾದವರೇ ಅಲ್ಲಿ ಹೆಚ್ಚು ಹೊತ್ತು ಕಳೆಯುವರೋ ಎಂಬ ಚರ್ಚೆ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವನ್ನು ಸೇರಿಸಿತು. ಜಾಲತಾಣದ ವ್ಯಸನವನ್ನು ಪ್ರತ್ಯೇಕ ರೋಗವೆಂದು ಸೇರಿಸಲಿಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದವರಾದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರ ಮೇ ತಿಂಗಳಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಈ ಅನಿಶ್ಚಯವನ್ನು ಮರೆಮಾಚಲಿಲ್ಲ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಜಾಲತಾಣಗಳಲ್ಲಿ ಕಳೆಯುವ ಮಕ್ಕಳಲ್ಲಿ ಖಿನ್ನತೆ, ಆತಂಕಗಳ ಲಕ್ಷಣಗಳ ಅಪಾಯ ಇಮ್ಮಡಿಯಾಗಿ ಕಂಡಿದೆಯೆಂದೂ, ಇವು ಮಕ್ಕಳಿಗೆ ಸುರಕ್ಷಿತವೆಂದು ತೀರ್ಮಾನಿಸಲು ಸಾಕಷ್ಟು ಆಧಾರವಿಲ್ಲವೆಂದೂ ಅವರು ತಿಳಿಸಿದರು. 2024ರ ಜೂನ್‌ನಲ್ಲಿ, ತಂಬಾಕಿನ ಪೊಟ್ಟಣದ ಮೇಲಿರುವಂತೆ ಈ ತಾಣಗಳ ಮೇಲೂ ಎಚ್ಚರಿಕೆಯ ಬರಹವಿರಬೇಕೆಂದರು. ಈ ನಿಲುವು ವರ್ತಕನಿಗೆ ಸುಲಭವಾಗಿ ಅರ್ಥವಾಗಬೇಕು. ಸರಕು ಸುರಕ್ಷಿತವೆಂದು ತೋರಿಸಿಕೊಡುವ ಹೊಣೆ ಮಾರುವವನದು. ವಿಷವೆಂದು ರುಜುವಾತುಪಡಿಸುವ ಹೊಣೆ ತಿಂದ ಮಗುವಿನದಲ್ಲ.

ಮೂರನೆಯದು: ತಂದೆತಾಯಿಗಳೇ ನೋಡಿಕೊಳ್ಳಲಿ, ಕಾನೂನೇಕೆ? ಸಾವಿರಾರು ತಂತ್ರಜ್ಞರು ಹಗಲಿರುಳು ಕೂಡಿ ಹೆಣೆದ ಬಲೆಯೆದುರು ಒಬ್ಬ ತಾಯಿಯನ್ನು ಒಂಟಿಯಾಗಿ ನಿಲ್ಲಿಸುವುದು ಸಮಬಲದ ಹೋರಾಟವಲ್ಲ. ಆಸ್ಟ್ರೇಲಿಯಾ 2024ರಲ್ಲಿ ಕಾಯಿದೆ ಮಾಡಿ, 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆ ಇಲ್ಲದಂತೆ ಮಾಡಿತು. ತಪ್ಪಿದರೆ ದಂಡ ಕಂಪನಿಗೆ, ಮಗುವಿಗೂ ಪೋಷಕರಿಗೂ ಅಲ್ಲ. ಋಣಿಯ ಹೆಸರನ್ನು ಸರಿಯಾದ ಪುಟದಲ್ಲಿ ಬರೆದ ಕಾಯಿದೆಯಿದು. ಭಾರತದ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯನ್ನು ವಿಧಿಸಿ, ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ನಿಷೇಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೊಳ್ಳುವ ವ್ಯವಸ್ಥೆಯಾಗಿದೆ. ಆದರೆ ಕಾನೂನೊಂದೇ ಸಾಲದೆಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ನಡುರಾತ್ರಿಯಿಂದ ಬೆಳಗಿನ ಆರರ ತನಕ 16 ವರ್ಷದೊಳಗಿನವರು ಕಂಪ್ಯೂಟರಿನಲ್ಲಿ ಅಂತರ್ಜಾಲದ ಆಟವಾಡುವುದನ್ನು ಅದು 2011ರಲ್ಲಿ ನಿಷೇಧಿಸಿತ್ತು. ಮಕ್ಕಳು ಮೊಬೈಲ್ ಆಟಗಳಿಗೆ ಹೊರಳಿದರು; 2021ರಲ್ಲಿ ಆ ಕಟ್ಟಳೆಯನ್ನು ಕೈಬಿಡಲು ಸರಕಾರ ನಿರ್ಧರಿಸಿತು. ಮನೆ ಮುಚ್ಚದ ಬಾಗಿಲನ್ನು ಸರಕಾರವೊಂದೇ ಮುಚ್ಚಲಾರದು.

ಮನೆಯ ಲೆಕ್ಕ

ಆದ್ದರಿಂದ ಎರಡನೆಯ ಋಣಿಯ ಕಡೆಗೆ ತಿರುಗಬೇಕು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಐದು ಬಗೆಯ ಅನರ್ಥದಂಡಗಳನ್ನು ಹೇಳುವಾಗ ಹಿಂಸಾದಾನವನ್ನೂ ಎಣಿಸುತ್ತದೆ. ಕೊಡಲಿ, ಕತ್ತಿ, ಬೆಂಕಿ, ಸಂಕಲೆ ಮೊದಲಾದ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಅಳುವ ಎರಡು ವರ್ಷದ ಕೂಸಿನ ಕೈಗೆ ಮೊಬೈಲ್ ಕೊಟ್ಟು ತುತ್ತು ತಿನ್ನಿಸುವ ಮನೆ, ಹತ್ತನೆಯ ತರಗತಿಯ ಅಂಕಗಳಿಗೆ ಬಹುಮಾನವಾಗಿ ದುಬಾರಿ ಮೊಬೈಲ್ ಕೊಡಿಸಿ ಮರುದಿನದಿಂದ ಅದರತ್ತ ತಿರುಗಿಯೂ ನೋಡದ ಮನೆ, ಮಗಳ ನೃತ್ಯದ ಚಿತ್ರವನ್ನು ಅವಳನ್ನು ಕೇಳದೆ ಜಗತ್ತಿಗೆಲ್ಲ ಹಂಚಿ ಲೈಕುಗಳನ್ನು ಎಣಿಸುವ ಮನೆ ತನ್ನನ್ನು ಈ ಮಾತಿನೆದುರು ನಿಲ್ಲಿಸಿಕೊಂಡು ನೋಡಲಿ. ಸಂಕಲೆಯನ್ನು ಉಡುಗೊರೆಯ ಕಾಗದದಲ್ಲಿ ಸುತ್ತಿ ಕೊಟ್ಟರೆ ಅದು ಸಂಕಲೆಯಲ್ಲದೆ ಹೋಗುವುದಿಲ್ಲ.

ಸಮಾಜದ ಲೆಕ್ಕವೂ ಇದಕ್ಕಿಂತ ಉತ್ತಮವಾಗಿಲ್ಲ. ದಶಲಕ್ಷಣ ಪರ್ವ ಮುಗಿದ ಮರುದಿನ ಕ್ಷಮಾಪಣೆಯ ಸಂದೇಶವೊಂದು ಒಂದೇ ಒತ್ತಿನಲ್ಲಿ ಐನೂರು ಜನರಿಗೆ ಫಾರ್ವರ್ಡ್ ಆಗುತ್ತದೆ. ಆ ಐನೂರರಲ್ಲಿ ನಿಜವಾಗಿ ನೊಂದವನೊಬ್ಬನು ಪಕ್ಕದ ಬೀದಿಯಲ್ಲಿದ್ದರೆ, ಅವನ ಮನೆಗೆ ಹೋಗಿ ಕೈಮುಗಿಯುವವರು ಎಷ್ಟು ಮಂದಿ? ಕ್ಷಮೆಯನ್ನೇ ಹೀಗೆ ಸಗಟಾಗಿ ಹಂಚುವುದನ್ನು ಕಂಡು ಬೆಳೆದ ಮಗು, ನಿಂದನೆಯನ್ನು ಸಗಟಾಗಿ ಹಂಚಲು ಹಿಂಜರಿಯುವುದೇಕೆ?

ಪರಿಹಾರ ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ 'ಷಟ್' ಎಂಬ ವಿಶೇಷ ಚಿಕಿತ್ಸಾಲಯ ತೆರೆಯಿತು. ವ್ಯಸನಕ್ಕೆ ಸಿಲುಕಿದ ಮಗುವನ್ನು ಅಲ್ಲಿಗೆ ಕರೆದೊಯ್ಯುವುದರಲ್ಲಿ ಮನೆತನದ ಮಾನ ಹೋಗುವಂಥದ್ದೇನೂ ಇಲ್ಲ. ಮನಸ್ಸು ಕುಗ್ಗಿದವರಿಗೆ 14416, ಪೀಡನೆಗೆ ಸಿಲುಕಿದ ಮಕ್ಕಳಿಗೆ 1098 ಎಂಬ ದೂರವಾಣಿ ಸಂಖ್ಯೆಗಳಿವೆ. ಪ್ರತಿಯೊಂದು ಪಾಠಶಾಲೆಯ ಗೋಡೆಯ ಮೇಲೂ ಇವನ್ನು ಬರೆಸಬೇಕು. ಪೀಡಿಸಿದ ಮಗುವನ್ನು ಶಾಲೆಯಿಂದ ಹೊರಹಾಕಿ ಕೈತೊಳೆದುಕೊಳ್ಳುವ ಬದಲು, ನೊಂದ ಮಗು ಒಪ್ಪಿದರೆ ಅದರೆದುರು ನಿಂತು ತಪ್ಪನ್ನು ಹೇಳಿ ಕ್ಷಮೆ ಬೇಡುವ ಪ್ರತಿಕ್ರಮಣವನ್ನು ಕಲಿಸಬೇಕು. ಅದಕ್ಕೂ ಮುನ್ನ ಆ ಪಾಠವನ್ನು ಹಿರಿಯರು ತಾವು ಮಾಡಿ ತೋರಿಸಬೇಕು.

ಬೆಳಗಾವಿಯ ನೆರೆಯ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಿದೆ. 2022ರಲ್ಲಿ ಆ ಊರಿನವರು ಸಭೆ ಸೇರಿ ಒಂದು ಕಟ್ಟಳೆ ಮಾಡಿಕೊಂಡರು. ಸಂಜೆ ಏಳಕ್ಕೆ ಸೈರನ್ ಮೊಳಗಿದೊಡನೆ ಮನೆಮನೆಯ ಟಿ.ವಿ., ಮೊಬೈಲುಗಳನ್ನು ಆರಿಸುವುದು. ಎಂಟೂವರೆಗೆ ಮತ್ತೆ ಸೈರನ್ ಆಗುವವರೆಗೆ ಮಕ್ಕಳು ಓದುವುದು, ದೊಡ್ಡವರು ಕೂಡಿ ಮಾತನಾಡುವುದು. ಈ ಕಟ್ಟಳೆಯ ಜೀವ ಸೈರನ್ನಿನಲ್ಲಿಲ್ಲ. ಅದು ಮಕ್ಕಳಿಗೂ ಹಿರಿಯರಿಗೂ ಒಂದೇ ಆಗಿರುವುದರಲ್ಲಿದೆ. ಕೃಷಿಕರ ಹಳ್ಳಿಗೆ ಸಾಧ್ಯವಾದದ್ದು, ರಾತ್ರಿಭೋಜನ ತ್ಯಾಗವನ್ನು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ಮನೆಗಳಿಗೆ ಅಸಾಧ್ಯವೆಂದು ಯಾರೂ ಹೇಳಲಾರರು. ಹೊತ್ತು ಮುಳುಗುವಾಗ ಒಲೆ ಆರಿಸುವ ಕೈಗಳಿಗೆ ಇನ್ನೊಂದು ಬೆಳಕನ್ನು ಆರಿಸುವುದು ಹೊಸ ವಿದ್ಯೆಯಲ್ಲ. ಕಂಪನಿಗಳು ತಮ್ಮ ಅಂಗಡಿಯ ಬಾಗಿಲನ್ನು ತಾವಾಗಿ ಮುಚ್ಚುವುದಿಲ್ಲ. ಮನೆಯ ಬಾಗಿಲು ಮಾತ್ರ ಇಂದಿಗೂ ಮನೆಯವರ ಕೈಯಲ್ಲಿಯೇ ಇದೆ. ಅದನ್ನು ಎಳೆಯುವ ಮೊದಲ ಕೈ ತಂದೆಯದಾಗಲಿ, ಮಗನದಲ್ಲ.